ಮೇಸ್ತ್ರಿಯ ಕಾರು ಕೆಟ್ಟು ನಿಂತದ್ದು

ಮಾರ್ಚ್ ೪, ಸೋಮವಾರ

ಮಾನ್ಯ ವಾಹನ ಮಾಲೀಕರೇ, ಭಾವೀ ಮಾಲೀಕರೇ, ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುವ ಸಮಸ್ತ ಬಂಧುಗಳೇ,

ಕಾರನ್ನು ಆರಿಸುವುದು, ಸಾಕುವುದು, ಸಲಹುವುದು ಎಂಬ ಗಹನವಾದ ವಿಷಯದ ಮೇಲೆ ಈ ನೋಟುಬುಕ್ಕಿನಲ್ಲಿ ಇಂದಿನಿಂದ ಉಪನ್ಯಾಸಮಾಲೆ ಆರಂಭ. ಪ್ರವೇಶ ಉಚಿತ, ಏಕೆಂದರೆ ಯಾರಿಗೂ ಪ್ರವೇಶವೇ ಇಲ್ಲ. ಉಪನ್ಯಾಸಕನ ಪರಿಚಯ: ಎರಡನೇ ದರ್ಜೆಯ ಬಿ.ಎ., ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೊಂದು ವರ್ಷದ ಸೇವೆ. ನಲ್ಲಿಯಲ್ಲಿ ನೀರು ಬರದವರಿಗೆ ‘ತಮ್ಮ ದೂರು ಪರಿಶೀಲನೆಯಲ್ಲಿದೆ’ ಎಂದು ಉತ್ತರ ಬರೆಯುವುದು ಕೆಲಸ. ಡ್ರೈವಿಂಗ್ ಲೈಸೆನ್ಸ್ ಇದೆ, ಡ್ರೈವಿಂಗ್ ಇಲ್ಲ. ಬಾನೆಟ್ಟಿನ ಕೆಳಗೆ ಏನಿದೆ ಎಂದು ಕೇಳಿದರೆ ‘ಎಂಜಿನ್’ ಎಂದು ಧೈರ್ಯವಾಗಿ ಹೇಳಬಲ್ಲ. ಅದಕ್ಕಿಂತ ಹೆಚ್ಚು ಹೇಳಲಾರ.

ಆದರೂ ಮಾತಾಡುವ ಹಕ್ಕು ವಂಶಪಾರಂಪರ್ಯವಾಗಿ ಬಂದಿದೆ. ಅಪ್ಪ ನಲವತ್ತೆರಡು ವರ್ಷ ಗ್ಯಾರೇಜು ನಡೆಸಿದವರು. ಊರಿಗೆಲ್ಲ ‘ಮೇಸ್ತ್ರಿ’. ಗಾಡಿ ಬೀದಿಯ ತುದಿಯಲ್ಲಿ ತಿರುಗುವಾಗಲೇ, ‘ಮೂರನೇ ಸಿಲಿಂಡರ್ ಮಲಗಿದೆ’ ಎಂದು ಇಲ್ಲಿಂದ ಹೇಳುತ್ತಿದ್ದರು. ಗ್ಯಾರೇಜು ಮುಚ್ಚಿ ಹತ್ತು ವರ್ಷವಾಯಿತು, ವಯಸ್ಸು ಎಪ್ಪತ್ತನಾಲ್ಕು. ಈಗ ಅವರಿಗೆ ಉಳಿದಿರುವುದು ಒಂದು ಹಳೆಯ ಬಿಳಿ ಕಾರು, ಒಂದು ಪೆಟ್ಟಿಗೆ ಸ್ಪ್ಯಾನರು, ಮತ್ತು ನಾನು. ಅವರ ಪ್ರೀತಿಯೂ ಅದೇ ಕ್ರಮದಲ್ಲಿದೆ.

ಇವತ್ತು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಿದ್ದುಪಡಿ: ಅವರು ನನ್ನನ್ನು ಕರೆದುಕೊಂಡು ಹೋದರು, ಕಾರು ಓಡಿಸಿದ್ದು ಅವರೇ. ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಅವರಿಗೆ “ಔಷಧಿ ತಪ್ಪಿಸ್ಬೇಡಿ, ಹುಷಾರಾಗಿರಿ” ಎಂದಷ್ಟೇ ಹೇಳಿ, ನನ್ನನ್ನು ಬಾಗಿಲಾಚೆ ಕರೆದರು.

“ನೇರ ನೋಡಿದ ಕಡೆ ಅವರಿಗೆ ಮಬ್ಬು. ಅಂಚು ಮಾತ್ರ ಕಾಣುತ್ತೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ. ಗಾಡಿ ಓಡಿಸೋದು ಇವತ್ತಿಗೇ ಸಾಕು.”

“ಅದನ್ನ ನೀವೇ ಒಂದ್ಮಾತು ಅವರಿಗೆ...”

“ಮನೆಯವರು ನಿಧಾನವಾಗಿ ಹೇಳಿದ್ರೆ ಚೆನ್ನಾಗಿರುತ್ತೆ ಅಲ್ವಾ?”

ನಿಧಾನವಾಗಿ ಎಂಬ ಮಾತು ನನಗೆ ಬಹಳ ಹಿಡಿಸಿತು. ಹೊರಗೆ ಬಂದರೆ ಅಪ್ಪ ಕೀಲಿ ಹಿಡಿದು ನಿಂತಿದ್ದರು. “ಹತ್ತು” ಎಂದರು. ಹತ್ತಿದೆ. ದಾರಿಯುದ್ದಕ್ಕೂ ಇಲ್ಲದ ಬ್ರೇಕು ಒತ್ತಿ ಒತ್ತಿ ಮೀನಖಂಡ ನೋಯುತ್ತಿದೆ.

ಇಂದಿನ ಹಿತವಚನ:
ಎಣ್ಣೆ ನೋಡಬೇಕು ಎಂಜಿನ್ ತಣ್ಣಗಿದ್ದಾಗ,
ಅಪ್ಪನೊಡನೆ ಮಾತಾಡಬೇಕು ಅವರು ಉಂಡೆದ್ದಾಗ.

ಮಾರ್ಚ್ ೫, ಮಂಗಳವಾರ

ಉಂಡೆದ್ದರು. ಹೋಗಿ ಎದುರಿಗೆ ಕೂತೆ.

“ಅಪ್ಪಾ, ಒಂದು ವಿಷಯ.”

“ಟೈರಿಗೆ ಗಾಳಿ ನೋಡಿದ್ರಾ ಅಂತ ಕೇಳೋಕೆ ಬಂದ್ಯಾ? ಬೆಳಿಗ್ಗೆನೇ ನೋಡಿದ್ದಾಯ್ತು.”

“ಗಾಳಿ ಅಲ್ಲ...”

“ಯಾವಾಗ್ಲೂ ಬೆಳಿಗ್ಗೆನೇ ನೋಡ್ಬೇಕು, ಗಾಡಿ ತೆಗೆಯೋಕೆ ಮುಂಚೆ. ಓಡಿ ಬಿಸಿಯಾದ ಟೈರು ಸುಳ್ಳು ಹೇಳುತ್ತೆ. ಏನೋ ವಿಷಯ?”

“ಅದೇ, ಗಾಳಿ ವಿಷಯಾನೇ” ಎಂದೆ.

ಮಾನ್ಯರೇ, ಇದನ್ನು ಬರೆದುಕೊಳ್ಳಿ: ಟೈರಿನ ಗಾಳಿ ಹದಿನೈದು ದಿನಕ್ಕೊಮ್ಮೆ, ಬೆಳಗಿನ ತಂಪಿನಲ್ಲಿ, ಸ್ಟೆಪ್ನಿಯನ್ನೂ ಮರೆಯದೆ. ಸ್ಟೆಪ್ನಿ ಎಂಬುದು ಕಷ್ಟಕಾಲದಲ್ಲಿ ನೆನಪಾಗುವ ನೆಂಟ.

ಹೆಂಡತಿಗೆ ಹೇಳಿದೆ, “ನೀನೇ ಹೇಳು. ಸೊಸೆ ಹೇಳಿದ್ರೆ ಕೇಳ್ತಾರೆ.”

“ನಿಮ್ಮಪ್ಪ ರೀ. ನೀವೇ ಹೇಳಿ.”

“ನಿಧಾನವಾಗಿ ಹೇಳ್ತೀನಿ.”

“ನಿಧಾನವಾಗಿ ಅಂದ್ರೆ ಯಾವಾಗ?”

“ಪರಿಶೀಲನೆಯಲ್ಲಿದೆ” ಎಂದೆ. ಅವಳು ನಗಲಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಶಾಲೆಗೆ ಕಾರಿನಲ್ಲಿ ಬಿಡುವವರು ಅಪ್ಪ. ಅವಳು ಅಲ್ಲಿ ನಾಲ್ಕನೇ ತರಗತಿಯ ಟೀಚರು.

ಮಾರ್ಚ್ ೭, ಗುರುವಾರ

ಪ್ರಾಸಕ್ಕೆ ಇವತ್ತು ರಜೆ.

ಶಾಲೆಯ ಗೇಟಿನ ಮುಂದೆ ಒಂದನೇ ತರಗತಿಯ ಮಕ್ಕಳು ಸಾಲಾಗಿ ಹಗ್ಗ ಹಿಡಿದುಕೊಂಡು ರಸ್ತೆ ದಾಟುತ್ತಿದ್ದವಂತೆ. ಅಪ್ಪ ವೇಗ ಇಳಿಸಲಿಲ್ಲ. “ಮಾವಾ!” ಎಂದು ಇವಳು ಕಿರುಚಿ, ತಾನೇ ಹ್ಯಾಂಡ್ ಬ್ರೇಕು ಎಳೆದಳಂತೆ. ಕಾರು ಅಡ್ಡಡ್ಡ ಜಾರಿ ನಿಂತಿತು. ಹಗ್ಗದ ಕೊನೆಯ ಹುಡುಗಿ ಬಂಪರಿಗೆ ಕೈ ಊರಿ ನಿಂತಿದ್ದಳಂತೆ. ಅಳಲೂ ಇಲ್ಲವಂತೆ, ಬರೀ ನೋಡಿದಳಂತೆ.

“ಬಿಸಿಲು ಕಣ್ಣಿಗೆ ಹೊಡೀತು” ಎಂದರಂತೆ ಅಪ್ಪ.

ಹೆಂಡತಿ ಇದನ್ನೆಲ್ಲ ಸಂಜೆ ಪಾತ್ರೆ ಒರೆಸುತ್ತ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಕೊನೆಗೆ ಕೇಳಿದಳು, “ನಾಳೆಯಿಂದ ನಾನು ಬಸ್ಸಲ್ಲಿ ಹೋಗ್ತೀನಿ, ಬಿಡಿ. ಆದ್ರೆ ನಾನಿಲ್ದೇ ಅವರೊಬ್ರೇ ಹೊರಟ ದಿನ ಹ್ಯಾಂಡ್ ಬ್ರೇಕ್ ಎಳೆಯೋರು ಯಾರು?”

ಇವತ್ತು ಹೇಳಲೇಬೇಕು ಎಂದು ಎದ್ದೆ. ನಡುಮನೆಯ ಬಾಗಿಲವರೆಗೂ ಹೋದೆ. ಅಪ್ಪ ರೇಡಿಯೋ ಕೇಳುತ್ತಿದ್ದರು. ವಾಪಸ್ಸು ಬಂದೆ.

ಮಾರ್ಚ್ ೯, ಶನಿವಾರ

ಮಹಾಜನರೇ, ಉಪಾಯ ಹೊಳೆಯಿತು. ಇಪ್ಪತ್ತೊಂದು ವರ್ಷದಲ್ಲಿ ನಾನು ಕಲಿತ ವಿದ್ಯೆ ಏನು? ಯಾರಿಗೂ ‘ಇಲ್ಲ’ ಎನ್ನದಿರುವುದು. ನೀರು ಕೊಡುವುದಿಲ್ಲ ಎಂದು ನಮ್ಮ ಕಚೇರಿ ಈವರೆಗೆ ಒಬ್ಬರಿಗೂ ಬರೆದಿಲ್ಲ. ನೀರು ಮಾತ್ರ ಬಂದಿಲ್ಲ. ಅದೇ ರೀತಿ, ಕಾರು ಓಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಕಾರು ಮಾತ್ರ ಓಡುವುದಿಲ್ಲ.

ಕೀಲಿ ಬಚ್ಚಿಟ್ಟರೆ ಪ್ರಯೋಜನವಿಲ್ಲ. ಅರ ಹಿಡಿದು ಅರ್ಧ ಗಂಟೆಯಲ್ಲಿ ಇನ್ನೊಂದು ಕೀಲಿ ಉಜ್ಜಿಕೊಳ್ಳುವ ಮನುಷ್ಯ ಅವರು. ಕೀಲಿಯ ಹಲ್ಲು ಸ್ವಲ್ಪ ಕೆಡಿಸಿ ಕೊಡು ಎಂದು ಬೀಗದವನ ಹತ್ತಿರ ಹೋದೆ. ಅವನು ಕೀಲಿಯನ್ನು ತಿರುಗಿಸಿ ನೋಡಿ ನಕ್ಕ.

“ಹಲ್ಲು ಯಾಕೆ ಸಾರ್ ಕೆಡಿಸ್ತೀರಾ? ಇದರ ತಲೆಯೊಳಗೆ ಚಿಪ್ ಇದೆ. ಅದನ್ನ ತೆಗೆದ್ರೆ ಕೀಲಿ ತಿರುಗುತ್ತೆ, ಸ್ಟಾರ್ಟರ್ರೂ ತಿರುಗುತ್ತೆ, ಎಂಜಿನ್ ಮಾತ್ರ ಹಿಡಿಯಲ್ಲ. ಗಾಡಿ ಇದು ಕಳ್ಳನ ಕೈ ಅಂದ್ಕೊಂಡ್ಬಿಡುತ್ತೆ.”

ಕಡಲೆಬೀಜದಷ್ಟು ದೊಡ್ಡ ಕಪ್ಪು ಚೂರು. ಅದನ್ನು ತೆಗೆದು ಬೇರೊಂದು ಹೊಸ ಕೀಲಿಯೊಳಗೆ ಕೂರಿಸಿದ. ಅಪ್ಪನ ಕೀಲಿ ಅದೇ ತಲೆ, ಅದೇ ಸವೆತ, ಅದೇ ಹಿತ್ತಾಳೆ ಉಂಗುರ, ಒಳಗೆ ಪೊಳ್ಳು. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಇದ್ದ ಹಾಗೆ, ನಮ್ಮ ಕಾರಿನ ಪ್ರಾಣ ಈಗ ನನ್ನ ಅಂಗಿಯ ಜೇಬಿನಲ್ಲಿದೆ.

ಅಪ್ಪ ದುಡಿದದ್ದು ಕಾರ್ಬೊರೇಟರಿನ ಕಾಲದಲ್ಲಿ. ಕಂಪ್ಯೂಟರು ಇರುವ ಗಾಡಿ ರಿಪೇರಿಗೆ ಬಂದರೆ ಬೇರೆ ಗ್ಯಾರೇಜಿಗೆ ಕಳಿಸುತ್ತಿದ್ದರು. ಚಿಪ್ಪಿನ ಸುದ್ದಿ ಅವರಿಗೆ ಗೊತ್ತಿಲ್ಲ.

ಹೆಂಡತಿ ಪೂರ್ತಿ ಕೇಳಿಸಿಕೊಂಡು ಇಷ್ಟೇ ಅಂದಳು: “ಇದು ನಿಮ್ಮ ಆಫೀಸ್ ಬುದ್ಧಿ.”

ಮಾರ್ಚ್ ೧೦, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಕಾರು ಹತ್ತಿದರು. ಕೀಲಿ ತಿರುಗಿತು. ಕಿಯ್ ಕಿಯ್ ಕಿಯ್. ಹಿಡಿಯಲಿಲ್ಲ. ಮತ್ತೆ ಕಿಯ್ ಕಿಯ್. ನಾನು ವರಾಂಡದಲ್ಲಿ ಪೇಪರನ್ನು ತಲೆಕೆಳಗಾಗಿ ಹಿಡಿದಿರಲಿಲ್ಲ, ಅಷ್ಟು ಎಚ್ಚರ ಇತ್ತು.

ಬೇಜಾರಾಗುತ್ತಾರೆ, ನಾಲ್ಕು ದಿನ ಗೊಣಗುತ್ತಾರೆ, ಬಿಟ್ಟುಬಿಡುತ್ತಾರೆ ಎಂದು ನನ್ನ ಲೆಕ್ಕ. ಆದದ್ದೇ ಬೇರೆ. ಅಪ್ಪ ಒಳಗೆ ಬಂದು ಲುಂಗಿ ಬಿಚ್ಚಿ ಹಳೆಯ ಖಾಕಿ ಪ್ಯಾಂಟು ಹಾಕಿಕೊಂಡರು. ಹತ್ತು ವರ್ಷದಿಂದ ಕಾಣದ ಪ್ಯಾಂಟು. ಪೆಟ್ಟಿಗೆ ಎಳೆದರು. “ಲೋ, ಬಾ ಇಲ್ಲಿ. ಟಾರ್ಚ್ ಹಿಡಿ” ಎಂದರು. ಮುಖದಲ್ಲಿ ಅದೆಂಥ ಕಳೆ! ಹಬ್ಬಕ್ಕೆ ಬಂದ ಮಗಳನ್ನು ನೋಡಿದ ಹಾಗೆ ಕೆಟ್ಟ ಎಂಜಿನ್ನನ್ನು ನೋಡುತ್ತಿದ್ದರು.

ನೋಡುತ್ತಿದ್ದರು ಎನ್ನುವುದು ತಪ್ಪು. ಮುಟ್ಟುತ್ತಿದ್ದರು. ಬೆರಳೇ ಕಣ್ಣು. ಪ್ಲಗ್ಗು ಬಿಚ್ಚಿ ತುದಿಯನ್ನು ಹೆಬ್ಬೆರಳಿನಿಂದ ಸವರಿ, “ಇದು ಸರಿ ಇದೆ.” ಬ್ಯಾಟರಿಯ ತಲೆ ಮುಟ್ಟಿ, “ನೋಡು, ಬಿಳೀ ಪುಡಿ ಕಟ್ಕೊಂಡಿದೆ. ಬಿಸಿನೀರು ತಾ.” ಬ್ರಷ್ಷಿನಿಂದ ಉಜ್ಜಿ ತೊಳೆಸಿದರು, ಒರೆಸಿ ಗ್ರೀಸು ಹಚ್ಚಿಸಿದರು. ಸಂಜೆಯ ಹೊತ್ತಿಗೆ ನನಗೆ ಪ್ಲಗ್ಗು, ಫಿಲ್ಟರು, ಫ್ಯೂಸು ಮೂರರ ಪರಿಚಯವಾಗಿತ್ತು. ಕೈ ಮಸಿ, ಅಂಗಿ ಮಸಿ.

ಒಂದು ಸಲ ಕೀಲಿ ತಿರುಗಿಸಿ ಕೇಳಿದರು, “ಡ್ಯಾಶ್ ಬೋರ್ಡಲ್ಲಿ ಯಾವ್ದಾದ್ರೂ ಲೈಟು ಹೊಡ್ಕೋತಿದ್ಯೇನೋ? ನನಗೆ ಈ ಬೆಳಕಲ್ಲಿ ಸರಿಯಾಗಿ ತಿಳೀತಿಲ್ಲ.”

ಕೀಲಿಯ ಚಿತ್ರದ ಒಂದು ಪುಟ್ಟ ಕೆಂಪು ದೀಪ, ಅವರ ಮೂಗಿನ ಮುಂದೆಯೇ, ಮಿಣಕ್ ಮಿಣಕ್ ಎನ್ನುತ್ತಿತ್ತು.

“ಇಲ್ಲ ಅಪ್ಪಾ” ಎಂದೆ.

ಮಾರ್ಚ್ ೧೩, ಬುಧವಾರ

ಇವತ್ತು ಪೆಟ್ರೋಲ್ ಪಂಪು. ಹಿಂದಿನ ಸೀಟು ಎತ್ತಿ ಬಿಚ್ಚಿದರು. ಪಂಪು ಸರಿ ಇದೆ, ಅದಕ್ಕೆ ಕರೆಂಟು ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಎಂಬುದು ಪ್ರಶ್ನೆ. “ಸಿಗುತ್ತೆ ಬಿಡು. ಗಾಡಿ ಮನುಷ್ಯರ ಹಾಗಲ್ಲ, ಕಾರಣ ಇಲ್ದೆ ಮುನಿಸ್ಕೊಳ್ಳಲ್ಲ.”

ನಟ್ಟುವನ್ನು ಕರೆಸೋಣವೇ ಎಂದು ಹೆಂಡತಿ ಬೇಕೆಂದೇ ಕೇಳಿದಳು. ನಟ್ಟು ಎಂದರೆ ಅಪ್ಪನ ಶಿಷ್ಯ. ಒಂದು ಕಾಲಕ್ಕೆ ಇವರ ಕೈಕೆಳಗೆ ನಟ್ಟು ಬಿಗಿಯುತ್ತಿದ್ದವನು, ಈಗ ಐವತ್ತು ದಾಟಿದ್ದಾನೆ, ದೊಡ್ಡ ಗ್ಯಾರೇಜಿದೆ. ಅಪ್ಪ ಸಿಡುಕಿದರು. “ಅವನಿಗೆ ಕಲಿಸಿದವನು ನಾನು. ನನ್ನ ಗಾಡಿ ಕೆಟ್ಟು ಕೂತಿದೆ, ಬಂದು ನೋಡಪ್ಪ ಅಂತ ಅವನ ಮುಂದೆ ನಿಲ್ಲೋದಾ?”

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಟ್ಟು ಬಂದಿದ್ದರೆ ಕೆಂಪು ದೀಪವನ್ನು ಒಂದೇ ನೋಟಕ್ಕೆ ಹಿಡಿಯುತ್ತಿದ್ದ.

ಸಂಜೆ ಕಚೇರಿಯಿಂದ ಬೇಗ ಬಂದೆ. ಟಾರ್ಚು ಹಿಡಿಯುವವರು ಬೇರೆ ಯಾರಿದ್ದಾರೆ?

ಮಾರ್ಚ್ ೧೬, ಶನಿವಾರ

ಮಾನ್ಯರೇ, ನಿಂತ ಕಾರಿನ ಬ್ಯಾಟರಿ ಕುಂತಲ್ಲೇ ಸಾಯುತ್ತದೆ. ವಾರಕ್ಕೊಮ್ಮೆಯಾದರೂ ಇಪ್ಪತ್ತು ನಿಮಿಷ ಎಂಜಿನ್ ಓಡಿಸಬೇಕು.

ಓಡಿಸದೆ ಇಟ್ಟರೆ ಬ್ಯಾಟರಿ ಮೊಂಡು,
ಮಾತಾಡದೆ ಇಟ್ಟರೆ ಮನಸ್ಸು ಬೆಂಡು.

ಎರಡನೇ ಸಾಲು ಪ್ರಾಸಕ್ಕಾಗಿ ಬಂದದ್ದು, ಗಂಭೀರವಾಗಿ ತೆಗೆದುಕೊಳ್ಳಬಾರದು.

ಮಾರ್ಚ್ ೨೦, ಬುಧವಾರ

ಅಪ್ಪ ಮಧ್ಯಾಹ್ನ ಔಷಧಿ ಅಂಗಡಿಗೆ ನಡೆದುಕೊಂಡು ಹೋದರು. ನನಗೆ ಅರ್ಧ ದಿನ ರಜೆ. ಬ್ಯಾಟರಿ ಸಾಯದಿರಲಿ ಎಂದು ಜೇಬಿನ ಕೀಲಿ ತೆಗೆದು ಕಾರು ಸ್ಟಾರ್ಟ್ ಮಾಡಿದೆ. ಮೊದಲ ತಿರುವಿಗೇ ಗುರ್ರ್ ಎಂದಿತು. ಹತ್ತು ನಿಮಿಷ ಓಡಲು ಬಿಟ್ಟೆ. ತಣ್ಣಗಿದ್ದಾಗ ಬೆಲ್ಟಿನ ಕಡೆ ಸಣ್ಣಗೆ ಕೀರಲು ಸದ್ದು, ಬಿಸಿಯಾದ ಮೇಲೆ ಇಲ್ಲ. ಆಫ್ ಮಾಡಿ ಗೇಟಿನ ಹತ್ತಿರ ನಿಂತೆ.

ಅಪ್ಪ ಬಂದರು. ಒಳಗೆ ಹೋಗುವ ಮುಂಚೆ, ಎಮ್ಮೆಯ ಬೆನ್ನು ತಟ್ಟುವ ಹಾಗೆ, ಅಭ್ಯಾಸದಿಂದ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಕೈ ಹಾಗೇ ನಿಂತಿತು.

“ಇದ್ಯಾಕೋ ಬಿಸಿ ಇದೆ?”

“ಬಿಸಿಲು ಅಪ್ಪಾ. ಬೆಳಿಗ್ಗೆಯಿಂದ ಬಿದ್ದಿದೆ.”

“ಬಿಸಿಲ ಬಿಸಿ ಮೇಲಿಂದ ಇರುತ್ತೆ. ಇದು ಒಳಗಿಂದ ಬರ್ತಿದೆ.”

“ಬಿಸಿಲೇ ಅಪ್ಪಾ. ನೋಡಿ, ಗೇಟೂ ಬಿಸಿ.”

ಗೇಟು ಮುಟ್ಟಿ ನೋಡಿದರು. ಮತ್ತೆ ಬಾನೆಟ್ಟು ಮುಟ್ಟಿದರು. ಆಮೇಲೆ ತಮ್ಮ ಅಂಗೈಯನ್ನು ಮುಖದ ಹತ್ತಿರ ಹಿಡಿದು, ಓರೆಗಣ್ಣಿನಿಂದ ನೋಡಿಕೊಂಡರು, ಯಾರದೋ ಕೈಯನ್ನು ನೋಡುವ ಹಾಗೆ.

“ಬಿಸಿಲೇ ಇರ್ಬೇಕು” ಎಂದು ಒಳಗೆ ಹೋದರು. ಸಂಜೆ ಪೆಟ್ಟಿಗೆ ತೆಗೆಯಲಿಲ್ಲ. ನಾನು ಟಾರ್ಚು ಹಿಡಿದುಕೊಂಡು ಸುಮ್ಮನೆ ಸ್ವಲ್ಪ ಹೊತ್ತು ನಿಂತಿದ್ದೆ.

ಮಾರ್ಚ್ ೨೨, ಶುಕ್ರವಾರ

ಅಪ್ಪನಿಗೆ ಹೊಸ ಯೋಚನೆ. ಈ ಕಾರು ಕಂಪ್ಯೂಟರಿನದು, ಇದರ ಭಾಷೆ ತನಗೆ ಬರುವುದಿಲ್ಲ. ಇದನ್ನು ಕೊಟ್ಟು, ಹಳೇ ಕಾಲದ, ಕಾರ್ಬೊರೇಟರು ಇರುವ ಗಾಡಿ ತೆಗೆದುಕೊಳ್ಳುವುದು. ಒಬ್ಬ ನಿವೃತ್ತ ಪೋಸ್ಟ್ ಮಾಸ್ತರರ ಹತ್ತಿರ ಒಂದಿದೆಯಂತೆ. ಭಾನುವಾರ ನೋಡಲು ಹೋಗಬೇಕಂತೆ.

ಹಳೇ ಗಾಡಿಯ ಕೀಲಿಯಲ್ಲಿ ಚಿಪ್ಪಿಲ್ಲ.

ಹೆಂಡತಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಮಾರ್ಚ್ ೨೪, ಭಾನುವಾರ

ಸಭಿಕರೇ, ಹಳೇ ಕಾರನ್ನು ಆರಿಸುವುದು ಹೇಗೆ ಎಂಬುದನ್ನು ಇವತ್ತು ನಾನು ನಿಜವಾಗಿಯೂ ಕಲಿತೆ.

ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಬಾಗಿಲಿನ ಉದ್ದಕ್ಕೂ ಎಳೆಯಿರಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಬಣ್ಣದ ಕೆಳಗೆ ತಗಡಿಲ್ಲ, ಮೆತ್ತಿದ ಪುಟ್ಟಿ ಇದೆ. ಗಾಡಿ ಎಲ್ಲೋ ಗುದ್ದಿದೆ. ಮೀಟರು ನೋಡಬೇಡಿ, ಬ್ರೇಕ್ ಪೆಡಲಿನ ರಬ್ಬರು ಮುಟ್ಟಿ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಸವೆದ ರಬ್ಬರನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಕಾಲಡಿಯ ಮ್ಯಾಟು ಎತ್ತಿ ಮೂಸಿ. ಮುಗ್ಗಲು ವಾಸನೆ ಬಂದರೆ ನೀರು ನುಗ್ಗಿದೆ, ತಳ ತುಕ್ಕು ಹಿಡಿದಿದೆ.

ಬಣ್ಣ ನೋಡಿ ಕೊಂಡವನು ಬಾಯಿ ಬಾಯಿ ಬಡಿದುಕೊಂಡ,
ಬುಡ ನೋಡಿ ಕೊಂಡವನು ಬದುಕಿಕೊಂಡ.

ಇದೆಲ್ಲ ಅಪ್ಪ ಮಾಡಿದರು. ಮೂಸಿದರು, ಮುಟ್ಟಿದರು, ಮಂಡಿಯೂರಿ ತಳಕ್ಕೆ ಕೈ ಹಾಕಿದರು. ಪೋಸ್ಟ್ ಮಾಸ್ತರರು ಬಾಯಿ ತೆರೆದುಕೊಂಡು ನಿಂತಿದ್ದರು. “ನಾನು ಇದನ್ನ ಹದಿನೆಂಟು ವರ್ಷದಿಂದ ಓಡಿಸ್ತಿದ್ದೀನಿ ಮೇಸ್ತ್ರಿಗಳೇ, ನನಗಿಂತ ಚೆನ್ನಾಗಿ ನಿಮಗೇ ಗೊತ್ತಲ್ಲ ಇದು!”

“ಒಳ್ಳೇ ಕೈಯಲ್ಲಿ ಇದ್ದ ಗಾಡಿ ಸಾರ್” ಎಂದರು ಅಪ್ಪ. ನಾಲ್ಕು ದಿನದಿಂದ ಕಾಣದ ಕಳೆ ಮುಖಕ್ಕೆ ಬಂದಿತ್ತು. “ಇನ್ನೊಂದೇ ಬಾಕಿ. ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಒತ್ತಿ ಹಿಡ್ಕೊಳ್ಳಿ. ಲೋ, ಹಿಂದೆ ಬಾ.”

ನಾವಿಬ್ಬರೂ ಸೈಲೆನ್ಸರಿನ ಹಿಂದೆ ನಿಂತೆವು. ಎಂಜಿನ್ ಭರ್ ಎಂದಿತು.

“ಹೊಗೆ ಯಾವ ಬಣ್ಣ ಹೇಳು. ಕಪ್ಪಾದ್ರೆ ಚಿಂತೆ ಇಲ್ಲ, ಪೆಟ್ರೋಲ್ ಜಾಸ್ತಿ ಕುಡೀತಿದೆ, ಸರಿ ಮಾಡ್ಬಹುದು. ನೀಲಿ ಆದ್ರೆ ಎಂಜಿನ್ನೇ ಹೋಗಿದೆ ಅಂತ, ಎಣ್ಣೆ ಸುಡ್ತಿದೆ. ಮುಟ್ಟೋದು ಬೇಡ.”

ಹೊಗೆಯೇ ಇರಲಿಲ್ಲ. ಆಚೆಯ ಗೋಡೆ ಸ್ವಚ್ಛವಾಗಿ ಕಾಣುತ್ತಿತ್ತು. ಗೋಡೆಯ ಮೇಲೆ ಒಂದು ಅಳಿಲು.

ನಾಳೆ ಈ ಗಾಡಿ ನಮ್ಮ ಮನೆಯ ಮುಂದೆ ನಿಂತರೆ, ನಾಡಿದ್ದು ಅಪ್ಪ ಅದನ್ನು ಶಾಲೆಯ ರಸ್ತೆಗೆ ತಿರುಗಿಸುತ್ತಾರೆ.

“ನೀಲಿ” ಎಂದೆ.

ಅಪ್ಪ ಬಗ್ಗಿ ಉಸಿರು ಎಳೆದುಕೊಂಡರು. ಇನ್ನೊಂದು ಸಲ ಎಳೆದುಕೊಂಡರು. “ಎಣ್ಣೆ ವಾಸನೆ ಬರ್ತಿಲ್ವಲ್ಲೋ.”

“ನೀಲಿ ಇದೆ ಅಪ್ಪಾ. ಚೆನ್ನಾಗಿ ಕಾಣ್ತಿದೆ.”

“ಸರಿಯಾಗಿ ನೋಡಿದ್ಯಾ?”

“ನೋಡಿದೆ.”

ನಿಧಾನವಾಗಿ ನೆಟ್ಟಗಾದರು. ಪೋಸ್ಟ್ ಮಾಸ್ತರರಿಗೆ ಕೈಮುಗಿದು, “ಬೇಡ ಸಾರ್. ಗಾಡಿ ತಪ್ಪಲ್ಲ, ನನಗೆ ಬೇಡ” ಎಂದರು. ಆ ಸಜ್ಜನರಿಗೆ ತಮ್ಮ ಗಾಡಿಯ ಮೇಲೆ ನಾನು ಹೊರಿಸಿದ ಅಪವಾದ ಏನೆಂದು ತಿಳಿಯಲೂ ಇಲ್ಲ.

ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಆಡಿದ್ದು. “ಕಣ್ಣು ಹೋದ್ರೆ ಹೋ‌ಗ್ಲಿ ಅಂತಿದ್ದೆ. ಮೂಗು ಇದೆ, ಕೈ ಇದೆ ಅಂತ. ಅವೂ ಸುಳ್ಳು ಹೇಳೋಕೆ ಶುರು ಮಾಡಿದ್ವು.”

ಮಾರ್ಚ್ ೨೬, ಮಂಗಳವಾರ

ಅಪ್ಪ ಸ್ಪ್ಯಾನರುಗಳನ್ನೆಲ್ಲ ನಡುಮನೆಯಲ್ಲಿ ಹರಡಿಕೊಂಡು ಒಂದೊಂದನ್ನೂ ಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಿದ್ದರು. ರಿಪೇರಿಗೆ ಎಂದುಕೊಂಡು ಟಾರ್ಚು ತರಲು ಹೋದೆ.

“ಬೇಡ. ನಟ್ಟುಗೆ ಫೋನ್ ಮಾಡ್ದೆ. ಶನಿವಾರ ಬಂದು ಪೆಟ್ಟಿಗೆ ತಗೊಂಡು ಹೋಗ್ತಾನೆ. ಕಾರೂ ಅವನೇ ಎಳ್ಕೊಂಡು ಹೋಗಿ ಮಾರ್ಲಿ. ಗಾಡಿ ಮಾತು ನನಗೆ ತಿಳೀತಿಲ್ಲ. ತಿಳೀದೇ ಇರೋನು ಓಡಿಸ್ಬಾರ್ದು.”

ಅಂದರೆ ಗೆದ್ದೆ. ‘ಬೇಡ’ ಎಂಬ ಮಾತನ್ನು ನಾನು ಹೇಳದೆ ಅವರ ಬಾಯಿಂದಲೇ ಬಂತು. ದೂರು ವಿಭಾಗದ ಇತಿಹಾಸದಲ್ಲೇ ಇಂಥ ಇತ್ಯರ್ಥ ಇಲ್ಲ.

ಹೆಂಡತಿ ಅಡುಗೆಮನೆಯಲ್ಲಿ ನನ್ನ ಕಡೆ ತಿರುಗದೆ ಕೇಳಿದಳು, “ಊಟ ಎಷ್ಟು ಬಿಟ್ರು ನೋಡಿದ್ರಾ?”

“ನೋಡಿದೆ.”

“ನಿನ್ನೆ ಉಪ್ಪಿನ ಡಬ್ಬಿ ಹಿಡ್ಕೊಂಡು, ‘ಇದು ಉಪ್ಪೇನಮ್ಮಾ?’ ಅಂತ ಕೇಳಿದ್ರು. ನಾಲಿಗೆ ಮೇಲೆ ಇಟ್ಕೊಂಡ್ಮೇಲೆ ಕೇಳಿದ್ರು ರೀ.”

ಮಾರ್ಚ್ ೨೮, ಗುರುವಾರ

ಬರೆಯಲು ಏನೂ ಇಲ್ಲ. ಎಂಜಿನ್ ಎಣ್ಣೆ ಮೇಲಿನ ಗೆರೆಗೇ ಇದೆ. ಎರಡು ಸಲ ನೋಡಿದೆ.

ಮಾರ್ಚ್ ೩೦, ಶನಿವಾರ

ನಟ್ಟು ಒಂಬತ್ತಕ್ಕೆ ಬರುವವನಿದ್ದ. ಎಂಟೂವರೆಗೆ ಅಪ್ಪ ಪೆಟ್ಟಿಗೆಗೆ ಹಗ್ಗ ಸುತ್ತಿ ಗಂಟು ಹಾಕುತ್ತಿದ್ದರು.

“ಅಪ್ಪಾ, ಪೆಟ್ಟಿಗೆ ಕೊಡ್ಬೇಡಿ.”

“ನೀನು ಇಟ್ಕೊಂಡು ಏನ್ ಮಾಡ್ತೀಯ? ಪೆನ್ನು ರಿಪೇರಿನಾ?”

“ಕಾರು ಕೆಟ್ಟಿಲ್ಲ. ನಾನೇ ನಿಲ್ಲಿಸಿದ್ದು.”

ಹಗ್ಗದ ಮೇಲಿನ ಕೈ ನಿಂತಿತು. ಹೊಸ ಕೀಲಿಯನ್ನು ಅವರ ಅಂಗೈಯಲ್ಲಿ ಇಟ್ಟೆ. ಚಿಪ್ಪಿನ ಕತೆ ಹೇಳಿದೆ. ಕೆಂಪು ದೀಪ ಹೇಳಿದೆ. ಅವರು ಎದ್ದು, ಗೋಡೆ ಮುಟ್ಟಿಕೊಂಡು, ಹೊರಗೆ ಹೋಗಿ ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಗುರ್ರ್ ಎಂದಿತು. ತಲೆ ಓರೆ ಮಾಡಿಕೊಂಡು ಬಹಳ ಹೊತ್ತು ಕೇಳಿದರು.

“ಅವತ್ತು ಬಾನೆಟ್ಟು ಬಿಸಿ ಇತ್ತಲ್ಲ?”

“ನಾನು ಸ್ಟಾರ್ಟ್ ಮಾಡಿದ್ದೆ.”

“ಆ ಹೊಗೆ?”

“ಹೊಗೆ ಇರ್ಲಿಲ್ಲ ಅಪ್ಪಾ.”

“ಒಂಚೂರೂ?”

“ಒಂಚೂರೂ ಇಲ್ಲ.”

ಹೊಡೆಯುತ್ತಾರೆ ಎಂದುಕೊಂಡೆ. ಆದರೆ ಮೊದಲು ಅವರ ಮುಖದಲ್ಲಿ ಬಂದದ್ದು ಸಂತೋಷ. ಕಳೆದುಹೋದ ವಸ್ತು ಜೇಬಿನಲ್ಲೇ ಸಿಕ್ಕವರ ಸಂತೋಷ. ಅಂಗೈಯಿಂದ ಮೂಗು ಉಜ್ಜಿಕೊಂಡರು. ಆಮೇಲೆ ಮುಖ ಬದಲಾಯಿತು.

“ಅರಳು ಮರಳು ಶುರುವಾಯ್ತು ಅಂದ್ಕೊಂಡಿದ್ದೆ ಕಣೋ. ಮೂರು ವಾರದಿಂದ. ಯಾರಿಗೂ ಹೇಳಿರ್ಲಿಲ್ಲ.”

“ನೀವು ಗಾಡಿ ಓಡಿಸ್ಬಾರ್ದು ಅಂತ ಡಾಕ್ಟರು ಹೇಳಿದ್ರು. ನಿಮಗೆ ಹೇಳೋಕೆ ಆಗ್ಲಿಲ್ಲ.”

“ಈಗ ಹೇಳಿದ್ಯಲ್ಲ. ಎಷ್ಟು ಹೊತ್ತು ಹಿಡೀತು?”

ಅಷ್ಟರಲ್ಲಿ ನಟ್ಟು ಬಂದ. ಓಡುತ್ತಿರುವ ಎಂಜಿನ್ ನೋಡಿ, “ಅರೆ, ಸಿಕ್ತಾ ಗುರುಗಳೇ? ಏನಾಗಿತ್ತು?” ಎಂದ.

“ಏನೂ ಇಲ್ಲ, ಒಂದು ಕಡೆ ಸಂಪರ್ಕ ಕಡಿದಿತ್ತು” ಎಂದರು ಅಪ್ಪ. “ಪೆಟ್ಟಿಗೆ ಕೊಡಲ್ಲ. ಕಾಫಿ ಕುಡ್ದು ಹೋಗು.”

ಎಂಜಿನ್ ಆಫ್ ಮಾಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಪ್ರಾಣವಿರುವ ಕೀಲಿ.

ಏಪ್ರಿಲ್ ೧, ಸೋಮವಾರ

ನನ್ನ ಜೊತೆ ಮಾತಿಲ್ಲ. ಕೀಲಿ ಅವರ ದಿಂಬಿನ ಕೆಳಗಿದೆ. ನಿನ್ನೆ ಇಡೀ ದಿನ, ಇವತ್ತು ಕಚೇರಿಯಲ್ಲೂ, ಯಾವ ಗಾಡಿಯ ಸದ್ದು ಕೇಳಿದರೂ ಎದ್ದು ಕಿಟಕಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಮೂರು ಸಲ ಶಾಲೆಗೆ ಫೋನು ಮಾಡಿದೆ. ಮೂರನೇ ಸಲ ಹೆಂಡತಿ, “ಮಕ್ಕಳೆಲ್ಲ ಸರಿಯಾಗಿದ್ದಾರೆ. ನೀವು ನಿಮ್ಮ ನಲ್ಲಿ ನೋಡ್ಕೊಳ್ಳಿ” ಎಂದಳು.

ಸಂಜೆ ಅವಳು ಹೇಳಿದ್ದು: ಬೆಳಿಗ್ಗೆ ಬಸ್ಸಿಗೆ ಹೊರಟವಳನ್ನು ಅಪ್ಪ ಗೇಟಿನ ಹತ್ತಿರ ನಿಲ್ಲಿಸಿದರಂತೆ. “ಅವತ್ತು ಬಿಸಿಲು ಹೊಡೀಲಿಲ್ಲಮ್ಮ. ಆ ಮಕ್ಕಳು ನನಗೆ ಕಾಣ್ಲೇ ಇಲ್ಲ.” ಅಷ್ಟು ಹೇಳಿ, ಹೂವಿನ ಕುಂಡಕ್ಕೆ ನೀರು ಹಾಕಲು ಹೋದರಂತೆ. ಕುಂಡ ತುಂಬಿ ಚೆಲ್ಲಿದರೂ ಹಾಕುತ್ತಲೇ ಇದ್ದರಂತೆ.

ಏಪ್ರಿಲ್ ೨, ಮಂಗಳವಾರ

ಬೆಳಿಗ್ಗೆ ಕೀಲಿ ಮೇಜಿನ ಮೇಲೆ, ನನ್ನ ಕಾಫಿ ಲೋಟದ ಪಕ್ಕದಲ್ಲಿತ್ತು. ಹೊರಗೆ ಹೋದರೆ ಅಪ್ಪ ಆಗಲೇ ಕಾರಿನಲ್ಲಿದ್ದರು. ಹಿಂದಿನ ಸೀಟಿನಲ್ಲಿ, ಬಾಡಿಗೆ ಗಾಡಿಯಲ್ಲಿ ಕೂತವರ ಹಾಗೆ, ಕಾಲ ಮೇಲೆ ಕಾಲು ಹಾಕಿಕೊಂಡು.

“ಡ್ರೈವರ್, ಹೊರಡಪ್ಪ. ಮೇಡಮ್ಮಿಗೆ ಶಾಲೆಗೆ ಹೊತ್ತಾಯ್ತು.”

ಹೊರಟೆ. ಎರಡು ಸಲ ಬಂದ್ ಬಿತ್ತು. ಹೆಂಡತಿ ನನ್ನ ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ಒತ್ತಿದಳು. ಹಿಂದಿನಿಂದ ಬೈಗುಳದ ಧಾರೆ: “ಕ್ಲಚ್ಚಿನ ಮೇಲೆ ಕಾಲಿಟ್ಕೊಂಡೇ ಮಲಗ್ತೀಯೇನೋ? ತೆಗಿ!” “ಗೇರ್ ಬದಲಾಯಿಸು, ಅದು ಅಳ್ತಿದೆ!” ತಿರುವಿನಲ್ಲಿ, “ಅದೇನೋ ಕರಕರ?”

“ಎಡಗಡೆ ಮುಂದಿನ ಬ್ರೇಕ್ ಪ್ಯಾಡ್ ಅಪ್ಪಾ. ಒತ್ತಿದಾಗ ಮಾತ್ರ ಬರ್ತಿದೆ. ಸವೆದಿರ್ಬೇಕು, ಭಾನುವಾರ ಬಿಚ್ಚೋಣ.”

ಅಪ್ಪ ಮುಂದಕ್ಕೆ ಬಾಗಿ ಕಿವಿಗೊಟ್ಟರು. ಆಮೇಲೆ, “ಹೂಂ. ರಸ್ತೆ ನೋಡ್ಕೊಂಡು ಓಡ್ಸು.”

ಶಾಲೆಯ ಗೇಟಿನ ಮುಂದೆ ನಿಲ್ಲಿಸಿದೆ. ಅಪ್ಪ ಕಿಟಕಿಯ ಗಾಜು ಇಳಿಸಿ, ಮುಖವನ್ನು ಆಚೆ ತಿರುಗಿಸಿಕೊಂಡು, ಕಣ್ಣಂಚಿನಿಂದ ಬಹಳ ಹೊತ್ತು ರಸ್ತೆಯನ್ನು ನೋಡಿದರು.

ಮಾನ್ಯ ವಾಹನ ಮಾಲೀಕರೇ, ಇದೀಗ ಸಮಾರೋಪ. ಹಿರಿಯರ ಮನಸ್ಸಿಗೆ ನೋವಾಗಬಾರದು ಎಂಬ ಒಂದೇ ಕಾರಣಕ್ಕೆ ಉಪನ್ಯಾಸಕನು ಈ...

ಇಲ್ಲಿ ಸಭಿಕರು ಯಾರೂ ಇಲ್ಲ. ಅಪ್ಪನ ಮನಸ್ಸಿನ ಚಿಂತೆ ನನಗೆ ಇರಲಿಲ್ಲ. ನನಗೆ ನಲವತ್ತಾರು ವರ್ಷ, ಅಪ್ಪ ಬೈಯುತ್ತಾರೆ ಎಂದು ಹೆದರಿದ್ದೆ. ಅಷ್ಟೇ.